ಕೂದಲೆಳೆಯಷ್ಟು ಎತ್ತರ

ಈ ಹೊತ್ತಿಗೆ ಗಣಿತದ ಮೇಷ್ಟ್ರು ಏನನ್ನೋ ಅಗಿಯಲು ಹೆಣಗುತ್ತಿರಬಹುದು ಎಂಬ ಯೋಚನೆ ಅವಳಿಗೆ ಎಚ್ಚರವಾದ ಕೂಡಲೇ ಬಂತು. ಅದರಿಂದ ಖುಷಿಯಾಯಿತು. ಮೊದಲು ಎಡಗಡೆ ಪ್ರಯತ್ನಿಸಿರುತ್ತಾರೆ. ಆಮೇಲೆ, ಏನಾದರಾಗಲಿ ಎಂದು, ಬಲಗಡೆ. ಬಾಯಿ ಪೂರ್ತಿ ಮುಚ್ಚುವ ಮೊದಲೇ ಕೆಳಗಿನ ಬಲದವಡೆಯ ಒಂದು ಹಲ್ಲು ಮೇಲಿನದಕ್ಕೆ ತಾಗುತ್ತದೆ. ಉಳಿದ ಹಲ್ಲುಗಳೆಲ್ಲ ಒಂದರ ಮುಖ ಒಂದು ನೋಡಿಕೊಂಡು ಹಾಗೇ ನಿಲ್ಲುತ್ತವೆ. ಕಚ್ಚಿದ ಭಾರವೆಲ್ಲ ಒಸಡಿನ ಒಂದೇ ಜಾಗದ ಮೇಲೆ ಬೀಳುತ್ತದೆ. ಹೆಚ್ಚೇನಲ್ಲ, ಕೂದಲೆಳೆಯಷ್ಟು ಎತ್ತರ. ಅಷ್ಟು ಸಾಕು ಎಂದು ಅವಳಿಗೆ ಗೊತ್ತಿತ್ತು, ಏಕೆಂದರೆ ಅಷ್ಟೂ ಇರಬಾರದು ಎಂದು ಹಲ್ಲು ಕಟ್ಟುವ ಅಮ್ಮ ಅವಳಿಗೆ ಹತ್ತನೆಯ ವಯಸ್ಸಿನಿಂದ ಹೇಳಿಕೊಟ್ಟಿದ್ದಳು. ಕಟ್ಟಿಸಿಕೊಂಡ ಹಲ್ಲು ಮೇಷ್ಟ್ರ ಬಾಯಿಗೆ ಹೋಗಿ ಇವತ್ತಿಗೆ ಐದು ದಿನ. ದಿನಕ್ಕೆ ಮೂರು ಊಟವೆಂದರೆ ಹದಿನೈದು. ಅವಳು ಮುಖ ತೊಳೆಯುತ್ತ ಕನ್ನಡಿಯಲ್ಲಿ ತನ್ನ ಹಲ್ಲನ್ನು ತಾನೇ ನೋಡಿಕೊಂಡು, ಬೊಚ್ಚುಬಾಯಿ ಎಂದಳು. ಇಡೀ ಶಾಲೆ ಮೇಷ್ಟ್ರನ್ನು ಹಾಗೆ ಕರೆಯುತ್ತಿತ್ತು. ಅವಳು ಮಾತ್ರ ಮೊನ್ನೆ ಮೊನ್ನೆಯವರೆಗೂ ಕರೆದಿರಲಿಲ್ಲ.

ಅಡುಗೆಮನೆಯಲ್ಲಿ ಚಿಕ್ಕಮ್ಮ ಕಚೇರಿಗೆ ಹೊರಡುವ ಸಡಗರದಲ್ಲಿದ್ದಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಚಿಕ್ಕಮ್ಮನಿಗೆ ಊರಿನ ಅರ್ಧ ಜನ ಗೊತ್ತು, ಆ ಅರ್ಧಕ್ಕೆಲ್ಲ ಅವಳು ಅಕ್ಕನ ಮಗಳ ಕಾಲೇಜಿನ ವಿಷಯ ಮೊದಲೇ ಹೇಳಿ ಮುಗಿಸಿದ್ದಳು. ಎಲ್ಲರಿಗಿಂತ ನಾಲ್ಕು ತಿಂಗಳು ಮೊದಲೇ ಅರ್ಜಿ ಹಾಕಿದ್ದಾಳೆ, ಹಾಗೆ ಹಾಕುವುದಾದರೆ ಒಂದೇ ಕಾಲೇಜಿಗೆ ಹಾಕಬೇಕು, ಮೊದಲೇ ಉತ್ತರ ಬಂದುಬಿಡುತ್ತದೆ, ಉಳಿದವರು ಪರೀಕ್ಷೆಗೆ ಓದುವ ಹೊತ್ತಿಗೆ ನಮ್ಮವಳು ಪೆಟ್ಟಿಗೆ ಕಟ್ಟುತ್ತಿರುತ್ತಾಳೆ. ಉತ್ತರ ಬಂದು ಮೂರು ವಾರವಾಗಿತ್ತು. ಮುಂದಕ್ಕೆ ಹಾಕಿದ್ದಾರೆ ಎಂದು ಹೇಳಿದ ದಿನ ಚಿಕ್ಕಮ್ಮ, ಹಾಗಂದರೆ ಇಲ್ಲ ಅಂತ ತಾನೇ, ಎಂದು ಕೇಳಿದ್ದಳು. ಇಲ್ಲ ಅಂತಲ್ಲ. ಹಾಗಾದರೆ ಹೌದು ಅಂತಲಾ? ಹೌದು ಅಂತಲೂ ಅಲ್ಲ. ಚಿಕ್ಕಮ್ಮ ಪಾಪದವಳು, ಕೌಂಟರಿನಲ್ಲಿ ಕೇಳಿದವರಿಗೆ ಏನು ಹೇಳಲಿ ಎಂಬುದಷ್ಟೇ ಅವಳ ಚಿಂತೆ. ಅವತ್ತಿನಿಂದ ಅವಳು ಆ ಮಾತೆತ್ತದೆ, ಬೆಳಗ್ಗೆ ಎದುರಾದಾಗಲೆಲ್ಲ ತಟ್ಟೆಗೆ ಒಂದು ತುಂಡು ರೊಟ್ಟಿ ಹೆಚ್ಚು ಹಾಕುತ್ತಿದ್ದಳು. ಆ ಹೆಚ್ಚಿನ ತುಂಡನ್ನು ಕಂಡರೆ ಹುಡುಗಿಗೆ ಮೈಯೆಲ್ಲ ಉರಿಯುತ್ತಿತ್ತು. ಇವತ್ತೂ ಚಿಕ್ಕಮ್ಮ ಹಾಕಿದಳು, ಇವತ್ತೂ ಅವಳು ತಿಂದಳು.

ಕಾಲೇಜಿನವರು ಬರೆದಿದ್ದು ಏಳು ಸಾಲು. ಆಸಕ್ತಿಯಿಂದ ಪರಿಶೀಲಿಸಿದ್ದೇವೆ, ನಿರ್ಧಾರವನ್ನು ಮುಂದೂಡಲಾಗಿದೆ, ಸಾಮಾನ್ಯ ಅರ್ಜಿಗಳೊಂದಿಗೆ ಮತ್ತೊಮ್ಮೆ ಪರಿಗಣಿಸಲಾಗುವುದು, ಅಗತ್ಯ ಕಂಡರೆ ನಿಮ್ಮ ಶಿಕ್ಷಕರನ್ನು ಫೋನಿನಲ್ಲಿ ಸಂಪರ್ಕಿಸಲಾಗುವುದು. ಅವಳು ಅದನ್ನು ನೂರು ಸಲ ಓದಿರಬೇಕು. ಬೇಡ ಎಂದಿದ್ದರೆ ಒಂದು ದಿನ ಅತ್ತು ಇನ್ನೊಂದು ಕಡೆ ನೋಡಬಹುದಿತ್ತು. ಇದು ಬಾಯಲ್ಲಿಟ್ಟ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಏಳು ಸಾಲನ್ನೂ ಹಿಂಡಿದರೆ ಉಳಿಯುವುದು ಒಂದೇ ಮಾತು: ನೋಡೋಣ. ಅವಳು ಆ ಮಾತನ್ನು ಚಿಕ್ಕಂದಿನಿಂದ ಬಲ್ಲಳು. ಸೈಕಲ್ ಕೇಳಿದರೆ ನೋಡೋಣ, ಈಜು ಕಲಿಯುತ್ತೇನೆಂದರೆ ನೋಡೋಣ, ಅಪ್ಪ ಯಾವತ್ತು ಬರುತ್ತಾನೆ ಎಂದರೂ ನೋಡೋಣ. ಹೇಳುವವರಿಗೆ ಖರ್ಚಿಲ್ಲದ ಮಾತು. ಕೇಳಿದವರು ಮಾತ್ರ ಬಾಗಿಲ ಕಡೆ ಕಿವಿಯಿಟ್ಟು ಕೂತಿರಬೇಕು.

ಕೋಪಕ್ಕೆ ಒಂದು ಮುಖ ಬೇಕಾಗಿತ್ತು. ಕಾಲೇಜಿಗೆ ಮುಖವಿರಲಿಲ್ಲ, ಪತ್ರದ ಕೆಳಗೆ ಒಂದು ಗೀಚು ಸಹಿ ಮಾತ್ರ. ಔಷಧಿ ಅಂಗಡಿಯವರ ಮಗಳಿಗೆ ಮುಖವಿತ್ತು. ಅದೇ ಕಾಲೇಜಿಗೆ ಅದೇ ದಿನ ಅರ್ಜಿ ಹಾಕಿ ಅವಳು ಆಯ್ಕೆಯಾಗಿದ್ದಳು. ಶಾಲೆಯ ಮೆಟ್ಟಿಲ ಮೇಲೆ ಎಲ್ಲರೆದುರು ಇವಳನ್ನು ತಬ್ಬಿಕೊಂಡು, ನಿಂಗೂ ಸಿಕ್ಕೇ ಸಿಗತ್ತೆ ಕಣೇ, ಎಂದಿದ್ದಳು. ತಬ್ಬಿದ ತೋಳಿನೊಳಗೆ ನಿಂತೇ ಇವಳು ಅವಳಿಗೆ ಏನೇನಾಗಬೇಕೆಂದು ಪಟ್ಟಿ ಮಾಡಿದ್ದಳು. ಆದರೆ ಅವಳ ಸಂತೋಷ ಗಟ್ಟಿಯಾದದ್ದು, ಎಲ್ಲಿ ಮುಟ್ಟಿದರೂ ಉಗುರು ಇಳಿಯುತ್ತಿರಲಿಲ್ಲ. ಕೊನೆಗೆ ಉಳಿದವರು ಮೇಷ್ಟ್ರು. ಇಬ್ಬರಿಗೂ ಶಿಫಾರಸು ಪತ್ರ ಬರೆದವರು ಅವರೇ. ಸಹಿಗೆಂದು ಅವಳು ಅವರ ಕೋಣೆಗೆ ಹೋದ ದಿನ ಪತ್ರ ಮೇಜಿನ ಮೇಲಿತ್ತು. ತಲೆಕೆಳಗಾಗಿ ಒಂದು ಸಾಲು ಓದಿದ್ದಳು, ಅಷ್ಟರಲ್ಲಿ ಅವರು ಅದರ ಮೇಲೆ ಹಾಜರಿ ಪುಸ್ತಕ ಇಟ್ಟಿದ್ದರು. ಈಕೆ ನಿಧಾನ ಸ್ವಭಾವದ ವಿದ್ಯಾರ್ಥಿನಿ. ಅವತ್ತು ಅದು ಅಷ್ಟಾಗಿ ತಾಗಿರಲಿಲ್ಲ. ಏಳು ಸಾಲು ಬಂದ ಮೇಲೆ ತಾಗಿತು. ನಿಧಾನದವಳಿಗೆ ನಿಧಾನವಾಗಿಯೇ ಉತ್ತರ ಕೊಡೋಣ ಎಂದುಕೊಂಡಿರಬೇಕು ಕಾಲೇಜಿನವರು. ಮೂರು ವರ್ಷ ಮೊದಲ ಬೆಂಚಿನಲ್ಲಿ ಕೂತು, ಅವರ ಹಲ್ಲು ಒಂದೊಂದಾಗಿ ಹೋಗಿ ಮಾತು ತೊದಲತೊಡಗಿದ ಮೇಲೂ ಒಂದು ದಿನ ನಗದೆ, ಹಿಂದಿನ ಬೆಂಚಿನವರಿಗೆ ಪಾಠವನ್ನು ತಾನೇ ಇನ್ನೊಮ್ಮೆ ಹೇಳಿಕೊಟ್ಟದ್ದಕ್ಕೆ ಇದು ಬಹುಮಾನ.

ಹಲ್ಲು ಕಟ್ಟುವ ಕೆಲಸದ ಕೋಣೆ ಮನೆಯಿಂದ ಎರಡು ಬೀದಿ ಆಚೆ, ದಂತವೈದ್ಯರ ಚಿಕಿತ್ಸಾಲಯದ ಮೇಲಿನ ಮಹಡಿಯಲ್ಲಿತ್ತು. ಶಾಲೆಗೆ ರಜೆಯಿತ್ತು, ಅವಳು ಹೋಗುವ ಹೊತ್ತಿಗೆ ಅಮ್ಮ ಬಟ್ಟಲಲ್ಲಿ ಅಚ್ಚು ಎರೆಯುವ ಗಾರೆ ಕಲಸುತ್ತಿದ್ದಳು. ಕಿಟಕಿಯಿಲ್ಲದ ಕೋಣೆ, ಎರಡು ದೀಪ, ಎರಡು ಕೆಲಸದ ಮೇಜು, ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಯಾರ್ಯಾರದೋ ದವಡೆಗಳ ಬಿಳಿ ಅಚ್ಚು. ಕೆಳಗೆ ಡಾಕ್ಟರು ರೋಗಿಯ ಬಾಯಿಂದ ಅಚ್ಚು ತೆಗೆದು ಡಬ್ಬದಲ್ಲಿ ಕಳಿಸುತ್ತಾರೆ. ಮೇಲೆ ಅಮ್ಮ ಅದರ ಮೇಲೆ ಮೇಣದಲ್ಲಿ ಹಲ್ಲು ಕೂರಿಸಿ, ಕಚ್ಚಿಸಿ ನೋಡಿ, ಮೇಣ ಕರಗಿಸಿ ಗಟ್ಟಿ ಕಟ್ಟು, ಅಂದರೆ ಹಲ್ಲಿನ ಸೆಟ್ಟು, ಮಾಡಿ ವಾಪಸು ಕಳಿಸುತ್ತಾಳೆ. ಇಲ್ಲಿಯವರೆಗೆ ಹಲ್ಲು ಕಟ್ಟಿಸಿಕೊಂಡವರು ಯಾರೂ ಮೆಟ್ಟಿಲು ಹತ್ತಿ ಬಂದು ಕಟ್ಟಿದವರ ಮುಖ ನೋಡಿದ್ದಿಲ್ಲ. ಈ ಗಾರೆ ಪುಡಿಯ ವಾಸನೆಯಿಂದ ಆಚೆ ಹೋಗಬೇಕೆಂದೇ ಅವಳು ಸೂಕ್ಷ್ಮ ಯಂತ್ರಗಳ ವಿನ್ಯಾಸ ಕಲಿಸುವ ಆ ಒಂದು ಕಾಲೇಜನ್ನು ಹುಡುಕಿಕೊಂಡಿದ್ದು. ಅರ್ಜಿಯಲ್ಲಿ ಬರೆದಿದ್ದು ಮಾತ್ರ ಈ ಕೋಣೆಯ ಬಗ್ಗೆಯೇ, ತನ್ನ ಬೆರಳು ಕಾಗದದ ದಪ್ಪವನ್ನೂ ಗುರುತಿಸುತ್ತದೆ ಎಂದು.

ಕಾಲೇಜಿನ ಪತ್ರ ಬಂದ ಮಾರನೆಯ ವಾರ ಕೆಳಗಿಂದ ಬಂದ ಡಬ್ಬದ ಚೀಟಿಯಲ್ಲಿ ಮೇಷ್ಟ್ರ ಹೆಸರಿತ್ತು. ಅಚ್ಚನ್ನು ಕೈಗೆತ್ತಿಕೊಂಡಾಗ ಅವಳಿಗೆ ನಗು ಬಂತು. ಮೂರು ವರ್ಷ ಅವಳನ್ನು ಅಳೆದ ಬಾಯಿ ಈಗ ಅವಳ ಅಂಗೈಯಲ್ಲಿತ್ತು. ಹಿಂದಿನ ಹಲ್ಲುಗಳನ್ನು ಕೂರಿಸುವ ಕೆಲಸವನ್ನು ಅಮ್ಮ ಒಂದು ವರ್ಷದಿಂದ ಅವಳಿಗೇ ಬಿಟ್ಟಿದ್ದಳು. ಅವಳು ಮೊದಲು ಎಲ್ಲವನ್ನೂ ಸರಿಯಾಗಿ ಕೂರಿಸಿದಳು. ಕೆಳಗೆ ಮೇಷ್ಟ್ರ ಬಾಯಿಗಿಟ್ಟು ನೋಡಿದ ಡಾಕ್ಟರು ಚೆನ್ನಾಗಿದೆ ಎಂದು ಹಿಂದಕ್ಕೆ ಕಳಿಸಿದ ಮೇಲೆ, ಕಾದ ಚಾಕುವಿನ ತುದಿಯಿಂದ ಬಲದವಡೆಯ ಒಂದು ಹಲ್ಲನ್ನು ಸಡಿಲಿಸಿ, ಕೂದಲೆಳೆಯಷ್ಟು ಎತ್ತಿ, ಮೇಣ ಆರುವವರೆಗೂ ಉಸಿರು ಹಿಡಿದು ಕೂತಳು. ಕೆಲಸ ಅಂದವಾಗಿತ್ತು, ಕಣ್ಣಿಗೆ ಕಾಣುವ ಹಾಗಿರಲಿಲ್ಲ. ಕಟ್ಟು ಗಟ್ಟಿಯಾದ ಮೇಲೆ ಅಮ್ಮ ಮೇಲಿನ ಕೆಳಗಿನ ಹಲ್ಲುಗಳ ನಡುವೆ ನೀಲಿ ಕಾಗದ ಇಟ್ಟು ಕಚ್ಚಿಸಿ ನೋಡದೆ ಯಾವುದನ್ನೂ ಹೊರಗೆ ಬಿಡುವವಳಲ್ಲ. ಎಲ್ಲಿ ಎತ್ತರವಿದೆಯೋ ಅಲ್ಲಿ ನೀಲಿ ಹತ್ತುತ್ತದೆ. ಅವತ್ತು ಇನ್ನೊಬ್ಬ ರೋಗಿಯ ಹಲ್ಲಿನ ಬಣ್ಣ ಹೊಂದಿಸಲೆಂದು ಡಾಕ್ಟರು ಅಮ್ಮನನ್ನು ಕೆಳಗೆ ಕರೆದಿದ್ದರು. ಅವಳು ಕಟ್ಟನ್ನು ಒರೆಸಿ ಡಬ್ಬಕ್ಕೆ ಹಾಕಿ ಕಳಿಸಿಬಿಟ್ಟಳು. ಆಮೇಲೆ ಅಚ್ಚಿನ ತಳಕ್ಕೆ ಗುರುತು ಹಾಕಬೇಕಿತ್ತು. ಮಾಡಿದವರು ಯಾರೆಂದು ತಿಳಿಯಲು ಅಮ್ಮ ಮಾಡಿದ್ದಕ್ಕೆ ಒಂದು ಕತ್ತರಿ ಗೆರೆ, ಅವಳು ಮಾಡಿದ್ದಕ್ಕೆ ಒಂದು ಸೊನ್ನೆ. ಅವಳ ಕೈ ಅರೆಗಳಿಗೆ ನಿಂತು, ಕತ್ತರಿ ಗೆರೆ ಎಳೆಯಿತು.

ಹಲ್ಲಿನ ವಿಷಯದಲ್ಲಿ ಅವಳಿಗೆ ಒಂದಿಷ್ಟೂ ನಾಚಿಕೆಯಿರಲಿಲ್ಲ, ಗುರುತಿನ ವಿಷಯ ನೆನಪಾದರೆ ಮಾತ್ರ ಕತ್ತು ಬಿಸಿಯಾಗುತ್ತಿತ್ತು. ಶನಿವಾರ ಡಾಕ್ಟರು ಫೋನ್ ಮಾಡಿ, ಗಟ್ಟಿ ದನಿ, ಆಚೆ ಮೇಜಿಗೂ ಕೇಳಿಸುತ್ತಿತ್ತು, ಮೇಷ್ಟ್ರಿಗೆ ಕಚ್ಚಿದ್ರೆ ನೋವಂತೆ, ನಿಮ್ಮ ಕೈ ನಡುಗೋಕೆ ಶುರುವಾಗಿದ್ಯಾ, ಆದರೆ ಹೇಳಿಬಿಡಿ, ಎಂದಿದ್ದರು. ಅಮ್ಮ ಹಲಗೆಯ ಮೇಲಿಂದ ಅಚ್ಚನ್ನು ಇಳಿಸಿ, ತಿರುಗಿಸಿ, ತಳ ನೋಡಿ, ಮತ್ತೆ ಅಲ್ಲೇ ಇಟ್ಟಳು. ನಂದೇ ತಪ್ಪು ಡಾಕ್ಟ್ರೇ, ಕಣ್ಣು ಸ್ವಲ್ಪ ಮಂದ ಆಗಿದೆ ಎಂದಳು. ನಿನ್ನೆ ಹೋಗಿ ಕಣ್ಣು ತೋರಿಸಿಕೊಂಡೂ ಬಂದಳು. ಕನ್ನಡಕದ ನಂಬರು ಬದಲಾಗಿಲ್ಲವೆಂದು ಬರೆದಿದ್ದ ಚೀಟಿಯನ್ನು ಮಡಚಿ ಮೇಣದ ಡಬ್ಬದ ಕೆಳಗಿಟ್ಟಳು. ಬೈದಿದ್ದರೆ ವಾಸಿಯಿತ್ತು. ಚೀಟಿಯ ಅಂಚು ಇವತ್ತೂ ಡಬ್ಬದ ಕೆಳಗಿಂದ ಇಣುಕುತ್ತಿತ್ತು, ಅದರತ್ತ ನೋಡದೆ ಮೇಣ ತೆಗೆದುಕೊಳ್ಳುವುದನ್ನು ಅವಳು ಬೆಳಗಿನಿಂದ ಅಭ್ಯಾಸ ಮಾಡುತ್ತಿದ್ದಳು.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿದ್ದು ಹನ್ನೊಂದರ ಹೊತ್ತಿಗೆ. ಬಾಗಿಲಲ್ಲಿ ನಿಂತವರು ಮೇಷ್ಟ್ರೇ. ಮುಖ ಇಳಿದುಹೋಗಿತ್ತು, ಬಲಗೆನ್ನೆ ಸ್ವಲ್ಪ ಊದಿತ್ತು. ಡಾಕ್ಟರು ಕಳಿಸಿದರು, ಎದುರಿಗೇ ಕೂತು ಸರಿಮಾಡಿಸಿಕೊಂಡು ಬನ್ನಿ ಎಂದರು ಎಂದು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದರು. ಆಮೇಲೆ ಅವಳನ್ನು ಕಂಡರು. ಇದು ನಿಮ್ಮ ಅಮ್ಮನ ಜಾಗವೇ ಎಂದು ಅವರಿಗೆ ಆಶ್ಚರ್ಯ. ಅವಳು ಕುರ್ಚಿ ಸರಿಸಿದಳು. ಊದಿದ ಕೆನ್ನೆಯನ್ನು ನೋಡಿದಾಗ ಅವಳೊಳಗೆ ಏನೋ ಹಾಯಾಗಿ ಮೈಮುರಿಯಿತು. ಇಷ್ಟು ದಿನ ಊಹಿಸಿಕೊಂಡದ್ದಕ್ಕಿಂತ ಚೆನ್ನಾಗಿಯೇ ಆಗಿದೆ ಎಂದುಕೊಂಡಳು. ಮೇಷ್ಟ್ರು ಕೂತು, ಸುಧಾರಿಸಿಕೊಂಡು, ನೋವಿನಲ್ಲೇ ನಗಲು ನೋಡಿ, ಒಂದೊಂದೇ ಮಾತು ಬಿಡಿಸಿ ಹೇಳಿದರು.

“ನಿನ್ನನ್ನೇ ನೋಡ್ಬೇಕಿತ್ತು. ನಿನ್ನೆ ನಿಮ್ಮ ಕಾಲೇಜಿನವರು ಫೋನ್ ಮಾಡಿದ್ರು.”

ಅವಳ ಕೈಯಲ್ಲಿದ್ದ ಚಾಕು ಅಲ್ಲೇ ನಿಂತಿತು.

“ನಿನ್ನ ಬಗ್ಗೆ ಕೇಳೋಕೆ. ನಂಗೆ ಮಾತೇ ಆಡೋಕಾಗ್ಲಿಲ್ಲ ಕಣಮ್ಮ. ಹಲ್ಲು ಹಾಕ್ಕೊಂಡ್ರೆ ನೋವು, ತೆಗೆದ್ರೆ ಬರೀ ಗಾಳಿ. ಆ ಕಡೆಯವರಿಗೆ ಏನೂ ಅರ್ಥ ಆಗ್ಲಿಲ್ಲ. ಎರಡು ಸಲ ಏನು, ಏನು ಅಂದ್ರು. ಶುಕ್ರವಾರ ಮತ್ತೆ ಮಾಡ್ತೀವಿ ಅಂದ್ರು, ಅದೇ ಕೊನೆಯಂತೆ. ಅಷ್ಟರಲ್ಲಿ ಇದೊಂದು ಸರಿಯಾದ್ರೆ ಸಾಕು.”

ಅಮ್ಮ ಗಾರೆಯ ಬಟ್ಟಲನ್ನು ಕೆಳಗಿಟ್ಟಳು. ನೀಲಿ ಕಾಗದ ತೆಗೆದು ಅವಳ ಕೈಗೆ ಕೊಟ್ಟಳು. ಅವಳು ಅದನ್ನು ಮೇಷ್ಟ್ರ ಹಲ್ಲುಗಳ ನಡುವೆ ಇಟ್ಟು, ಕಚ್ಚಿ ಸಾರ್ ಎಂದಳು. ಅವಳ ಬೆರಳು ಅವರ ತುಟಿಗೆ ತಾಗಿತು, ತುಟಿ ಬಿಸಿಯಾಗಿತ್ತು, ಜ್ವರವೂ ಇರಬಹುದು. ಅವರು ಕಣ್ಣುಮುಚ್ಚಿ ಕಚ್ಚಿದರು. ಕೆಳಗಿನ ಕಟ್ಟನ್ನು ತೆಗೆದು, ಆಮೇಲೆ ಮೇಲಿನದನ್ನೂ ತೆಗೆದು, ಕರವಸ್ತ್ರದಲ್ಲಿ ಒರೆಸಿ, ಮುಖ ಆಚೆ ತಿರುಗಿಸಿಕೊಂಡು ಅವಳಿಗೆ ಕೊಟ್ಟರು. ಕೆಳಗಿನ ಕಟ್ಟಿನ ಹದಿನಾಲ್ಕು ಹಲ್ಲುಗಳಲ್ಲಿ ಹದಿಮೂರು ಸ್ವಚ್ಛವಾಗಿದ್ದವು. ಒಂದರ ಮೇಲೆ ನೀಲಿ ಚುಕ್ಕೆ. ಅಮ್ಮ ದೀಪದ ಕೆಳಗೆ ಬಗ್ಗಿ ಚುಕ್ಕೆಯನ್ನು ನೋಡಿದಳು, ಅವಳನ್ನು ನೋಡಿದಳು, ಮೇಷ್ಟ್ರ ಕಡೆ ತಿರುಗಿದಳು.

“ಕ್ಷಮಿಸಬೇಕು ಸಾರ್. ನನ್ನ ಕಣ್ಣು ಮಂದ ಆಗಿದೆ, ಗಮನಕ್ಕೆ ಬರ್ಲಿಲ್ಲ.”

ಮೇಷ್ಟ್ರು ಬೊಚ್ಚುಬಾಯಲ್ಲೇ ಏನೋ ಅಂದು, ಪರವಾಗಿಲ್ಲ ಎಂಬಂತೆ ಕೈಯಾಡಿಸಿದರು. ಅಷ್ಟು ಸುಲಭವಾಗಿ. ಅಮ್ಮ ತಲೆ ತಗ್ಗಿಸಿದ್ದಳು, ಅವರು ಕ್ಷಮಿಸಿಬಿಟ್ಟಿದ್ದರು, ಲೆಕ್ಕ ಮುಗಿದಿತ್ತು, ಇನ್ನು ಐದು ನಿಮಿಷ ಅರೆದುಕೊಟ್ಟರೆ ಶುಕ್ರವಾರ ಅವರು ಚೆನ್ನಾಗಿ ಮಾತಾಡುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅವಳಿಗೆ ಬಂದದ್ದು ಪಶ್ಚಾತ್ತಾಪವಲ್ಲ, ಹೊಸ ಸಿಟ್ಟು. ಎರಡು ವಾರ ಹಲ್ಲು ಮಸೆದು ತಾನು ಮಾಡಿದ ಕೆಲಸಕ್ಕೆ ಅಮ್ಮನ ಕಣ್ಣು ಕಾರಣವಾಗಿಬಿಟ್ಟಿತೇ? ಇವರಿಗೆ ನೋವಾಯಿತು, ಯಾಕೆಂದು ತಿಳಿಯದೆ ಹೋದರೆ ಅದೆಂಥ ಸೇಡು? ಒಳ್ಳೆಯವರಾಗಿ ಕುರ್ಚಿಯ ಮೇಲೆ ಕೂತಿದ್ದಾರೆ, ಅವರ ಒಳ್ಳೆಯತನವೂ ಅವಳಿಗೆ ಅವಮಾನದ ಹಾಗೆ ಕಂಡಿತು.

“ಅಮ್ಮ ಅಲ್ಲ,” ಎಂದಳು. “ನಾನು. ಬೇಕಂತಲೇ ಮಾಡಿದ್ದು.”

ಅಮ್ಮ, ಮರೀ, ಎಂದಳು, ಅಷ್ಟೇ. ಅವಳು ನಿಲ್ಲಿಸಲಿಲ್ಲ. ಪತ್ರದಲ್ಲಿ ನಿಧಾನ ಅಂತ ಬರೆದಿದ್ದನ್ನು ಓದಿದ್ದೆ, ಔಷಧಿ ಅಂಗಡಿಯವರ ಮಗಳಿಗೆ ಸಿಕ್ಕಿತು ನನಗೆ ಸಿಗಲಿಲ್ಲ, ನಿಮ್ಮಿಂದಲೇ ಅಂದುಕೊಂಡೆ, ನಿಮಗೂ ದಿನಾ ನೋಯಲಿ ಅಂತ ಹಲ್ಲು ಎತ್ತಿದೆ, ಎಂದು ಒಂದೇ ಉಸಿರಿನಲ್ಲಿ, ಉತ್ತರ ಒಪ್ಪಿಸುವವಳ ಹಾಗೆ ಹೇಳಿ ಮುಗಿಸಿದಳು. ಮೇಷ್ಟ್ರು ಬಾಯಿ ತೆರೆದು ಏನೋ ಹೇಳಿದರು. ಉದ್ದನೆಯ ಮಾತು. ಅದರಲ್ಲಿ ಒಂದು ಅಕ್ಷರವೂ ಅವಳಿಗೆ ಹಿಡಿಯಲಿಲ್ಲ. ಏನು ಸಾರ್, ಎಂದಳು. ಅವರು ಮತ್ತೆ ಹೇಳಿದರು, ಈ ಸಲ ಕೆನ್ನೆ ಕೆಂಪಾಗಿ, ಕತ್ತಿನ ನರ ಬಿಗಿದು. ಅಮ್ಮನ ಮುಖ ನೋಡಿದಳು. ಅಮ್ಮನಿಗೂ ತಿಳಿಯಲಿಲ್ಲ. ಮೇಷ್ಟ್ರು ಮಾತು ನಿಲ್ಲಿಸಿ, ಅವಳ ಕೈಯಲ್ಲಿದ್ದ ಹಲ್ಲಿನ ಕಡೆ ಬೆರಳು ತೋರಿಸಿದರು.

ಅರೆಯುವ ಯಂತ್ರದ ಮುಂದೆ ಅವಳು ಕೂತಳು. ಐದು ನಿಮಿಷದ ಕೆಲಸ, ಅಮ್ಮನಾಗಿದ್ದರೆ ಮೂರರಲ್ಲಿ ಮುಗಿಸುತ್ತಿದ್ದಳು. ಅಮ್ಮ ಕೈ ಚಾಚಲಿಲ್ಲ. ಚಕ್ರವನ್ನು ಚುಕ್ಕೆಗೆ ಮುಟ್ಟಿಸಿ ತೆಗೆದಳು, ಊದಿ ನೋಡಿದಳು, ಮತ್ತೆ ಮುಟ್ಟಿಸಿದಳು. ಜಾಸ್ತಿ ಹೋದರೆ ಆ ಹಲ್ಲು ಇನ್ನೆಂದೂ ಎದುರಿನದನ್ನು ಮುಟ್ಟುವುದಿಲ್ಲ, ತೆಗೆದದ್ದನ್ನು ವಾಪಸು ಹಾಕುವ ವಿದ್ಯೆ ಯಾರಿಗೂ ಬರುವುದಿಲ್ಲ. ಇಟ್ಟಿದ್ದು ಕೂದಲೆಳೆಯಷ್ಟು, ತೆಗೆಯಬೇಕಾದ್ದೂ ಅಷ್ಟೇ, ಆದರೆ ಇಡುವಾಗ ಕೈಯಲ್ಲಿದ್ದ ಧೈರ್ಯ ಈಗ ಇರಲಿಲ್ಲ. ಹಿಂದೆ ಕುರ್ಚಿಯಲ್ಲಿ ಅವರ ಉಸಿರು ಕೇಳಿಸುತ್ತಿತ್ತು. ಏನು ಹೇಳಿದರೋ. ಬೈದಿರಬಹುದು, ಹೆಡ್‌ಮಾಸ್ಟರಿಗೆ ಹೇಳುತ್ತೇನೆ ಎಂದಿರಬಹುದು, ಏನೂ ಇಲ್ಲದ ಒಂದು ಮಾತು ಹೇಳಿ ಮನ್ನಿಸಿರಲೂಬಹುದು. ತಿಳಿಯಬೇಕಾದರೆ ಕೆಲಸ ಮುಗಿಯಬೇಕು. ಕೆಟ್ಟರೆ ತಿಳಿಯುವುದೂ ಇಲ್ಲ. ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಒಂದು ಸಲವೂ ತಾನು ಅವಸರಪಡಲಿಲ್ಲ ಎಂದು ಅವಳಿಗೆ ಹೊಳೆದದ್ದು ಹಲ್ಲಿಗೆ ಹೊಳಪು ಕೊಡುವಾಗ.

ಮೇಷ್ಟ್ರು ಕಟ್ಟುಗಳನ್ನು ಹಾಕಿಕೊಂಡರು. ಎರಡು ಸಲ ಮೆಲ್ಲಗೆ, ಒಂದು ಸಲ ಗಟ್ಟಿಯಾಗಿ ಕಚ್ಚಿ ನೋಡಿದರು.

“ಇನ್ನೂ ಸ್ವಲ್ಪ ಎತ್ತರ ಇದೆ,” ಎಂದರು. ಮಾತು ಸ್ಪಷ್ಟವಾಗಿತ್ತು.

ಅವಳು ನೀಲಿ ಕಾಗದ ಇಟ್ಟು ಕಚ್ಚಿಸಿದಳು. ಎರಡೂ ಕಡೆ ನೀಲಿ ತೆಳುವಾಗಿ, ಸಮನಾಗಿ ಹತ್ತಿತ್ತು. ಎತ್ತರವೆಂಬುದು ಎಲ್ಲೂ ಇರಲಿಲ್ಲ. ತಲೆಯೆತ್ತಿದಾಗ ಮೇಷ್ಟ್ರು ಅವಳನ್ನೇ ನೋಡುತ್ತಿದ್ದರು. ಇಲ್ಲವೆಂದು ಅವರಿಗೂ ಗೊತ್ತಿತ್ತು. ಅವಳು ಕಟ್ಟನ್ನು ತೆಗೆದುಕೊಂಡು ಹೋಗಿ, ಯಂತ್ರ ಹಚ್ಚಿ, ಚಕ್ರವನ್ನು ಹಲ್ಲಿಗೆ ಮುಟ್ಟಿಸದೆ ಬರಿದೇ ಗಾಳಿಯಲ್ಲಿ ತಿರುಗಿಸಿ, ತಂದುಕೊಟ್ಟಳು. ಈಗ ಪರವಾಗಿಲ್ಲ ಎಂದರು ಅವರು. ಎದ್ದು, ಕರವಸ್ತ್ರ ಮಡಚಿ ಜೇಬಿಗಿಟ್ಟರು.

“ನಿಧಾನ ಅಂತ ಬರೆದಿದ್ದು ಹೊಗಳೋಕೆ. ಅದರ ಕೆಳಗೆ ಇನ್ನೊಂದು ಸಾಲಿತ್ತು, ನೀನು ಓದ್ಲಿಲ್ಲ.”

“ಏನಿತ್ತು ಸಾರ್?”

“ಈ ಹುಡುಗಿ ಕೈಗೆ ಏನನ್ನ ಬೇಕಾದ್ರೂ ನಂಬಿ ಕೊಡಬಹುದು ಅಂತ.” ಅವರು ಕೆನ್ನೆಯನ್ನು ಒಮ್ಮೆ ಮುಟ್ಟಿಕೊಂಡರು. “ನಿನ್ನೆ ಅವರು ಕೇಳಿದ್ದೂ ಅದನ್ನೇ. ಈಗಲೂ ಆ ಮಾತಿಗೆ ನಿಲ್ತೀರಾ ಅಂತ.”

ಅವಳು ಬಾಗಿಲವರೆಗೆ ಹೋದಳು. ಕೇಳಬಾರದು ಎಂದುಕೊಂಡಿದ್ದಳು, ಆದರೆ ಅವರು ಎರಡು ಮೆಟ್ಟಿಲು ಇಳಿದ ಮೇಲೆ ತಡೆಯಲಾಗದೆ ಕೇಳಿಯೇಬಿಟ್ಟಳು.

“ಶುಕ್ರವಾರ ಏನು ಹೇಳ್ತೀರಾ ಸಾರ್?”

ಮೇಷ್ಟ್ರು ಮೆಟ್ಟಿಲ ಕಂಬಿ ಹಿಡಿದು ನಿಂತರು. ತಿರುಗಿ ಅವಳನ್ನು ನೋಡಿದರು. ಅವಳೇ ಸರಿಮಾಡಿಕೊಟ್ಟ ಹಲ್ಲಿನಿಂದ, ಒಂದಕ್ಷರವೂ ತೊದಲದೆ ಹೇಳಿದರು.

“ನೋಡೋಣ.”

ಅವತ್ತು ಮಂಗಳವಾರ.